ಊರಾಗಿನ ಸಾಗವಾನಿ ಅಡವಿ ನೋಡ್ಕೊಳ್ಳೋದು ಕಲಿಯೋದು ಹೆಂಗ: ಕಲಘಟಗಿ, ಹಾನಗಲ್ಲ ಕಡೆ ಗಿಡ ಇದ್ದವರಿಗೊಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ ಧಾರವಾಡದಾಗ ನೌಕರಿ, ಊರಾಗ ಅಪ್ಪನೋ ಕಾಕಾನೋ ತೊಂಬತ್ತರ ದಶಕದಾಗ ಹಚ್ಚಿದ ಮೂರ್ನಾಲ್ಕ ಎಕರೆ ಸಾಗವಾನಿ, ಅದರ ಅಂಚಿಗೆ ಒಂದಿಷ್ಟು ಮತ್ತಿ, ಹೊನ್ನಿ, ದಿಂಡಲ, ನೇರಳಿ ತಾವಾಗೇ ಎದ್ದದ್ದು. ಇಂಥಾ ಮಂದಿ ಕಲಘಟಗಿ, ಅಳ್ನಾವರ, ಹಾನಗಲ್ಲ, ಶಿಗ್ಗಾವಿ ಕಡೆ ಭಾಳ ಇದ್ದಾರ. ಹೊಲ ಆದ್ರ ಲಾವಣಿಗೆ ಹಾಕ್ತಾರ, ಮಾವಿನ ತೋಟ ಆದ್ರ ಗುತ್ತಿಗಿ ಕೊಡ್ತಾರ, ಅಡವಿ ಬಂತಂದ್ರ ಮಾತ್ರ ಏನ್ ಮಾಡ್ಬೇಕು ಗೊತ್ತಾಗದ ಸುಮ್ಮನ ಬಿಟ್ಟಿರ್ತಾರ, ಆಮ್ಯಾಲೆ ಒಂದಿನ ಯಾರೋ ಕಟ್ಟಿಗಿ ಅಡ್ಡೆಯವ ಬಂದು "ಸರ್, ಇಷ್ಟಕ್ಕ ಇಷ್ಟು, ಪೂರಾ ನಾನ ಕಡ್ಕೊಂಡ್ ಹೊಕ್ಕೀನಿ" ಅಂದ್ರ ತಲಿ ಅಲ್ಲಾಡಿಸಿಬಿಡ್ತಾರ.

ನನಗ ಕೇಳಿದ್ರ ಮೊದಲನೇ ಒಂದ್ ವರ್ಷ ಒಂದ ಗಿಡಾನೂ ಕಡೀಬ್ಯಾಡ್ರಿ. ಟೇಪು, ಹಗ್ಗ, ಒಂದ್ ಉದ್ದನ ನೋಟ್‌ಬುಕ್ ತೊಗೊಂಡು ಅಳತಿ ಮಾಡೋದನ್ನ ಕಲೀರಿ. ಕಡಿಯೋದನ್ನ ಯಾರಾದ್ರೂ ಪಗಾರ ಕೊಟ್ರ ಮಾಡ್ತಾರ, ಯಾವುದನ್ನ ಕಡೀಬೇಕು ಅನ್ನೋದು ಮಾಲಕಗ ತಿಳಿದಿರಬೇಕು.

ಹಂತ 1: ಕಾಗದ ಮೊದಲ, ಗಿಡ ಆಮ್ಯಾಲೆ

ಇದು ಬೋರ್ ಹೊಡಸೋ ಕೆಲಸ, ಆದ್ರ ಲಗೂನ ಮುಗಿಸಿಬಿಡ್ರಿ. ಉತಾರ (ಪಹಣಿ) ತಗಸ್ರಿ. ಅದರಾಗ ಗಿಡದ್ದೊಂದು ಕಾಲಂ ಇರ್ತೈತಿ, ಅಲ್ಲಿ ನಿಮ್ಮ ಸಾಗವಾನಿ ಬಂದಾವೋ ಇಲ್ಲೋ ನೋಡ್ರಿ, ಬರಲಿಲ್ಲಂದ್ರ ತಲಾಠಿ ಕಡೆ ಅರ್ಜಿ ಕೊಟ್ಟು ಏರಿಸ್ರಿ. ಜಮೀನಿನ ಒಂದು ಬದಿಗೆ ಫಾರೆಸ್ಟಿನ ಗಡಿ ಇದ್ರ ಹದ್ದುಬಸ್ತ್ (ಸರ್ವೆದವರ ಕಡೆ ಗಡಿ ಅಳತಿ) ಮಾಡಿಸೋದು ಕಡ್ಡಾಯ ಅಂತನ ತಿಳ್ಕೊರಿ, ಯಾಕಂದ್ರ ಗಡಿ ಮ್ಯಾಲಿನ ಗಿಡ ಯಾರದು ಅನ್ನೋ ಜಗಳ ಕಡಿಯೋ ಹೊತ್ತಿಗೆ ಎದ್ದ್ರ ಪೂರಾ ಅರ್ಜಿನ ನಿಂತ್ ಹೊಕ್ಕೈತಿ. ಜಮೀನು ದರಖಾಸ್ತಿನಾಗ ಸರ್ಕಾರದಿಂದ ಬಂದಿದ್ದಾದ್ರ ಮಂಜೂರಾತಿ ಆದೇಶದ ನಕಲು ತೆಗದು ಓದ್ರಿ, ಅವಾಗ ಇದ್ದ ಗಿಡದ ಹಕ್ಕು ನಿಮಗ ಬಂದೈತೋ ಸರ್ಕಾರಕ್ಕ ಉಳದೈತೋ ಅದರಾಗ ಬರದಿರ್ತಾರ.

ಕಾನೂನಿನ ಮಾತು ಇಲ್ಲೇ ಹೇಳಿಬಿಡ್ತೀನಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರದು ಐತಿ. ಸ್ವಂತ ಜಮೀನಿನಾಗಿನ ಗಿಡ ಆದ್ರೂ ಸಾಗವಾನಿ, ಬೀಟಿ, ಹೊನ್ನಿ, ಮತ್ತಿ ಇಂಥಾವನ್ನ ಕಡಿಯೋಕ ವೃಕ್ಷ ಅಧಿಕಾರಿ ಪರವಾನಗಿ ಬೇಕು. ನೀಲಗಿರಿ, ಗಾಳಿ ಗಿಡ, ಸಿಲ್ವರ್ ಓಕ್, ಸುಬಾಬುಲ್, ತೆಂಗು ಇವಕ್ಕ ವಿನಾಯಿತಿ ಐತಿ. ಕಡಿಯೋದು ಅಂದ್ರ ಬರೇ ಕೊಡ್ಲಿ ಹಾಕಿ ಕೆಡವೋದು ಅಷ್ಟ ಅಲ್ಲ, ತೊಗಟಿ ಸುತ್ತ ಕೆತ್ತಿ ಒಣಗಸೋದು, ತಲಿ ಪೂರಾ ಬೋಳಿಸೋದೂ ಅದರಾಗ ಬರ್ತೈತಿ. ಅದಕ್ಕ "ತೋಟ ತೆಳು ಮಾಡಾಕತ್ತೀನ್ರಿ, ಮಾರಾಕಲ್ಲ" ಅಂತ ಹೇಳಿದ್ರ ಕೇಳೂದಿಲ್ಲ.

ಹಂತ 2: ಒಂದ್ ಗುಂಟೆ ಹಗ್ಗ ಹಾಕಿ ಎಣಿಸೋದು

ಇಡೀ ಕಲಿಕಿಯೊಳಗ ಭಾಳ ಉಪಯೋಗ ಆಗೋದು ಇದ. ನಮ್ಮ ಗುಂಟೆ ಲೆಕ್ಕ ಈ ಕೆಲಸಕ್ಕ ಅಗದಿ ಅನುಕೂಲ ಐತಿ. ಒಂದ್ ಗುಂಟೆ ಅಂದ್ರ 33 ಅಡಿಗೆ 33 ಅಡಿ, 40 ಗುಂಟೆಗೆ ಎಕರೆ. ನಾಲ್ಕ ಮೂಲಿಗೆ ಗೂಟ ಬಡದು ಹಗ್ಗ ಎಳೀರಿ. ಒಬ್ಬರ ಇದ್ರ ಇನ್ನೂ ಸಲೀಸು ಹಾದಿ ಐತಿ: ನಡುವ ಒಂದು ಗೂಟ, ಅದಕ್ಕ ಹದಿನೆಂಟೂವರಿ ಅಡಿ ಹಗ್ಗ ಕಟ್ಟಿ ಸುತ್ತ ತಿರಗ್ರಿ, ಆ ವೃತ್ತದಾಗ ಬಂದಿದ್ದು ಹೆಚ್ಚೂಕಮ್ಮಿ ಒಂದ್ ಗುಂಟೆನ.

ಅದರೊಳಗಿನ ಗಿಡ ಎಣಸ್ರಿ, 40ರಿಂದ ಗುಣಾಕಾರ ಮಾಡ್ರಿ, ಎಕರೆಕ್ಕ ಎಷ್ಟು ಅಂತ ಬಂತು. ಆದ್ರ ರಸ್ತೆ ಬಾಜೂ ಚಂದ ಕಾಣೋ ಜಾಗಾನ ಆರಿಸಬ್ಯಾಡ್ರಿ. ಎತ್ತರದಾಗೊಂದು, ಹಳ್ಳದ ಕಡೆ ತಗ್ಗಿನಾಗೊಂದು, ನಡುವೊಂದು, ಹಿಂಗ ಎಕರೆಕ್ಕ ಎರಡು ಮೂರಾದ್ರೂ ಗುಂಟೆ ಹಾಕ್ರಿ.

ಈಗ ನಂಬರ್ ಏನ್ ಹೇಳ್ತೈತಿ ನೋಡ್ರಿ. ಸಾಗವಾನಿನ ಸಾಮಾನ್ಯವಾಗಿ ಎರಡ್ ಮೀಟರಿಗೆ ಎರಡ್ ಮೀಟರ್ ಅಂತರದಾಗ ಹಚ್ತಾರ, ಅಂದ್ರ ಗುಂಟೆಕ್ಕ 25, ಎಕರೆಕ್ಕ ಸಾವಿರ. ಇದು ಕಡೀತನ ಉಳಸಾಕ ಹಚ್ಚಿದ್ದಲ್ಲ. ಐದಾರ್ ವರ್ಷಕ್ಕ ಅರ್ಧ ತೆಗೀಬೇಕು, ಹತ್ತರ ಸುಮಾರಿಗೆ ಉಳದಿದ್ದರಾಗ ಮತ್ತ ಅರ್ಧ, ಮುಂದ ಗಿಡ ನೋಡಿ ಒಂದೊಂದ. ಇಪ್ಪತ್ತು ದಾಟಿದ ತೋಟದಾಗ ಗುಂಟೆಕ್ಕ ಮೂರರಿಂದ ಐದು ಗಿಡ ಇದ್ರ ಸಾಕು. ನಮ್ಮ ಕಡೆ ಇಪ್ಪತ್ತೈದು ವರ್ಷದ ತೋಟದಾಗ ಗುಂಟೆಕ್ಕ ಹದಿನೈದು ಇಪ್ಪತ್ತು ಇನ್ನೂ ನಿಂತಿರ್ತಾವ, ಎಲ್ಲಾ ಸಣಕಲ, ಎಲ್ಲಾ ಉದ್ದ, ಮಾಲಕ ಮಾತ್ರ ಗಿಡ ಭಾಳ ಅದಾವ ಅಂತ ಖುಷಿ. ಜಾಹೀರಾತು ನೋಡಿ ಹಚ್ಚಿದವರಿಗೆ ಹಚ್ಚೋದನ್ನ ಹೇಳಿದ್ರು, ತೆಗಿಯೋದನ್ನ ಯಾರೂ ಹೇಳಲಿಲ್ಲ.

ಹಂತ 3: ಸುತ್ತಳತಿ, ಮತ್ತ ಒಂದ್ ಡಬ್ಬಿ ಬಣ್ಣ

ಗುಂಟೆಯೊಳಗಿನ ಪ್ರತಿ ಗಿಡಕ್ಕೂ ನಂಬರ್ ಕೊಡ್ರಿ. ನೆಲದಿಂದ ನಾಲ್ಕೂವರಿ ಅಡಿ ಎತ್ತರಕ್ಕ ದರ್ಜಿ ಟೇಪಿನ್ಯಾಗ ಸುತ್ತಳತಿ ತೊಗೊಳ್ರಿ, ಇಳಿಜಾರಿದ್ರ ಮ್ಯಾಲಿನ ಬದಿಯಿಂದ ನಾಲ್ಕೂವರಿ ಅಡಿ. ಅಲ್ಲೇ ಒಂದು ಸಣ್ಣ ಬಣ್ಣದ ಪಟ್ಟಿ ಎಳೀರಿ, ಮುಂದಿನ ವರ್ಷ ಅದ ಪಟ್ಟಿ ಮ್ಯಾಲೆ ಅಳೀಬೇಕು, ಎರಡ್ ಬೆರಳು ಮ್ಯಾಲೆ ಕೆಳಗ ಆದ್ರೂ ಲೆಕ್ಕ ಕೆಟ್ ಹೊಕ್ಕೈತಿ. ಸಾಗವಾನಿ ತೊಗಟಿ ಒಣಗಿ ಎದ್ದು ನಿಂತಿರ್ತೈತಿ, ಕೈಲೆ ಸವರಿ ಉದುರಸಿ ಆಮ್ಯಾಲೆ ಟೇಪ್ ಹಾಕ್ರಿ. ಜನವರಿ ಫೆಬ್ರವರಿ ಈ ಕೆಲಸಕ್ಕ ಛಲೋ, ಎಲಿ ಉದುರಿರ್ತಾವ, ಬೆಳವಣಿಗಿ ನಿಂತಿರ್ತೈತಿ, ಬಿಸಿಲೂ ಅಷ್ಟ ಇರೂದಿಲ್ಲ.

ಒಂದ ವರ್ಷದ ಅಳತಿಯಿಂದ ಏನೂ ತಿಳಿಯೂದಿಲ್ಲ, ಮುಂದಿನ ವರ್ಷದ್ದು ಬಾಜೂಕ ಬರದಾಗ ಆಟ ಚಾಲೂ. ಒಂದ್ ಗಿಡ ಇಂಚಿನ ಮ್ಯಾಲೆ ಏರಿರ್ತೈತಿ, ಅದರ ಬಾಜೂನ ಇದ್ದದ್ದು ಟೇಪಿಗೆ ಹತ್ತದಷ್ಟು. ಆ ಎರಡನೇದ್ದು ಬದುಕೇತಿ, ಎಲೀನೂ ಬಿಡ್ತೈತಿ, ಆದ್ರ ದಪ್ಪ ಆಗೂದಿಲ್ಲ, ಮತ್ತ ತನ್ನ ಪಾಲಿನ ನೀರು ಮಾತ್ರ ಕುಡೀತೈತಿ. ಅದು ಛಲೋ ಗಿಡಕ್ಕ ಅಡ್ಡ ಬರೋ ಹಂಗಿದ್ರ ಮೊದಲ ತೆಗಿಯೋ ಯಾದಿಯಾಗ ಅದರ ಹೆಸರು ಬರೀರಿ.

ಹಂತ 4: ತಲಿ ಎತ್ತಿ ನೋಡೋದು

ಗಿಡದ ಬುಡಕ್ಕ ನಿಂತು ನೇರ ಮ್ಯಾಲೆ ನೋಡ್ರಿ. ಅದರ ಚಂಡಿ (ಮ್ಯಾಲಿನ ಕೊಂಬಿ ಎಲಿಯ ಹರವು) ಬಾಜೂ ಗಿಡದ ಚಂಡಿಗೆ ಎಷ್ಟು ಕಡೆ ತಿಕ್ಕಾಡತೈತಿ? ನಾಲ್ಕೂ ಕಡೆ ಮುಚ್ಚಿದ್ರ ಅದಕ್ಕ ಬೆಳಕು ಮ್ಯಾಲಿಂದ ಅಷ್ಟ ಬರಾಕತ್ತೈತಿ. ಒಂದೆರಡು ಕಡೆ ಆಕಾಶ ಕಂಡ್ರ ಆರಾಮ ಐತಿ. ಆಮ್ಯಾಲೆ ದೂರ ನಿಂತು ಇಡೀ ಗಿಡ ನೋಡ್ರಿ: ಹಸರು ಇರೋ ಭಾಗ ಒಟ್ಟು ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮಿ ಆಗಿದ್ರ ಗಿಡ ಸೋಲಾಕತ್ತೈತಿ, ಈಗ ಜಾಗ ಬಿಡಿಸಿದ್ರೂ ಅದು ಚೇತರಿಸಿಕೊಳ್ಳೋದು ಸಾವಕಾಶ.

ಇನ್ನ ಆರಿಸೋದು. ಭಾಳ ಮಂದಿ ಕೆಟ್ಟ ಗಿಡ ಹುಡಕ್ಕೊಂಡ್ ಹೊಕ್ಕಾರ, ಉಲ್ಟಾ ಮಾಡ್ರಿ. ಗುಂಟೆಯಾಗ ಛಲೋ ಇರೋ ನಾಲ್ಕು ಗಿಡ ಮೊದಲ ಆರಿಸ್ರಿ: ನೆಟ್ಟಗ ಇರಬೇಕು, ಕೆಳಗಿನ ಹದಿನೈದು ಇಪ್ಪತ್ತಡಿ ಕವಲಿಲ್ಲದ ಇರಬೇಕು, ಬುಡದಾಗ ಪೊಳ್ಳು ಇರಬಾರದು, ಚಂಡಿ ಅಗಲ ಇರಬೇಕು. ಅವಕ್ಕ ಬಿಳಿ ಬಣ್ಣ. ಆಮ್ಯಾಲೆ ಒಂದೊಂದಕ್ಕೂ ಕೇಳ್ರಿ, ಇದಕ್ಕ ತ್ರಾಸ ಕೊಡೋದು ಯಾವುದು? ಆ ಒಂದ ಗಿಡಕ್ಕ ಕೆಂಪು. ಅಷ್ಟ. ತೆಳ್ಳಗ, ಮೂಲಿಯಾಗ ಇದ್ದು ಯಾರಿಗೂ ಅಡ್ಡ ಬರದ ಗಿಡ ಇದ್ರ ಅದನ್ನ ಬಿಡ್ರಿ, ಅದು ನೆಲಕ್ಕ ನೆರಳ ಕೊಡ್ತೈತಿ.

ಒಂದ ಸಲ ಭಾಳ ತೆಗೀಬ್ಯಾಡ್ರಿ. ವರ್ಷಗಟ್ಲೆ ಒತ್ತಾಗಿ ಬೆಳದ ಸಾಗವಾನಿಗೆ ಒಮ್ಮೆಲೆ ಬಿಸಿಲು ಬಿದ್ರ ಬೊಡ್ಡಿ ತುಂಬ ಸಣ್ಣ ಸಣ್ಣ ಟಿಸಿಲು ಒಡೀತಾವ, ಅವು ಬೆಳದಲ್ಲೆಲ್ಲಾ ಕಟ್ಟಿಗಿಯಾಗ ಗಂಟು. ಗಾಳಿಗೆ ಬಗ್ಗೋದೂ ಐತಿ. ನಾಲ್ಕೈದು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗಿಯೋದು ಛಲೋ.

ಮತ್ತ ಒಂದ್ ಗುಂಟೆ ಏನೂ ಮುಟ್ಟದ ಹಂಗ ಬಿಡ್ರಿ. ಇದನ್ನ ಯಾಕೋ ಯಾರೂ ಮಾಡೂದಿಲ್ಲ. ತೆಳು ಮಾಡಿದ ಗುಂಟೆ, ಮಾಡದ ಗುಂಟೆ ಎರಡೂ ಬಾಜೂ ಬಾಜೂ ಇದ್ರ ಮೂರ್ನಾಲ್ಕು ವರ್ಷದಾಗ ನಿಮ್ಮದ ಮಣ್ಣು, ನಿಮ್ಮದ ಮಳಿಯೊಳಗ ಫರಕ್ ಎಷ್ಟು ಅಂತ ನಿಮ್ಮ ನೋಟ್‌ಬುಕ್ಕ ಹೇಳ್ತೈತಿ.

ಹಂತ 5: ನೆಲ ನೋಡ್ರಿ, ಮಳಿ ನಿಂತ ಮರುದಿನ

ಸಾಗವಾನಿ ತೋಟದ ದೊಡ್ಡ ರೋಗ ಕೆಳಗಿರ್ತೈತಿ. ಆರಿದ್ರಾ ಮಳಿ ಜೋರ್ ಹೊಡದ ಮರುದಿನ ತೋಟಕ್ಕ ಹೋಗಿ ಕುಕ್ಕರಗಾಲಿಲೆ ಕುಂತು ನೆಲ ನೋಡ್ರಿ. ಸಣ್ಣ ಸಣ್ಣ ಹರಳು ಮಣ್ಣಿನ ಪುಟ್ಟ ಕಂಬದ ಮ್ಯಾಲೆ ಕುಂತಂಗ ಕಾಣ್ತಾವ, ಬೆರಳಿನ ಒಂದ್ ಗೆಣ್ಣು ಎತ್ತರ. ಹರಳಿನ ಕೆಳಗಿನ ಮಣ್ಣಷ್ಟ ಉಳದೈತಿ, ಸುತ್ತಲಿಂದು ಹನಿ ಬಡದು ಹೊಂಟ್ ಹೋಗೇತಿ. ಸಾಗವಾನಿ ಎಲಿ ದೊಡ್ಡದು, ಮಳಿ ಅದರ ಮ್ಯಾಲೆ ಕೂಡಿ ದಪ್ಪ ದಪ್ಪ ಹನಿಯಾಗಿ ಎತ್ತರದಿಂದ ಬೀಳ್ತೈತಿ, ಬೋಳು ನೆಲಕ್ಕ ಅದು ಬರೇ ಮಳಿಗಿಂತ ಜೋರ್ ಬಡೀತೈತಿ.

ನೆಲ ಬೋಳಾಗೋದು ಯಾಕ? ನಾವ ಮಾಡಿರ್ತೀವಿ. ಶಿವರಾತ್ರಿ ಹೊತ್ತಿಗೆ ಒಣ ಎಲಿ ಮೊಣಕಾಲ ಮಟ ಬಿದ್ದಿರ್ತೈತಿ, ಹಾವು ಬರ್ತಾವ, ಬೆಂಕಿ ಬೀಳ್ತೈತಿ ಅಂತ ನಾವ ಉರಿ ಹಚ್ಚಿಬಿಡ್ತೀವಿ. ಎಲಿ ಸುಟ್ಟ್ರ ಅದರ ಜೋಡಿ ತಾವಾಗೇ ಹುಟ್ಟಿದ ಮತ್ತಿ, ಹೊನ್ನಿ ಸಸಿನೂ ಸುಡ್ತಾವ, ಮುಂಗಾರಿಗೆ ಮಣ್ಣು ಹಳ್ಳ ಸೇರ್ತೈತಿ. ಎಲಿ ಹಂಗ ಬಿಡ್ರಿ. ಕೆಳಗ ಬೆಳಿಯೋ ಗಿಡ ಗಂಟಿ ಪೂರಾ ಸವರಿ ತೋಟ ಸ್ವಚ್ಛ ಮಾಡೋ ಚಟಾನೂ ಬಿಡ್ರಿ, ಅಡವಿ ಅಂಗಳ ಅಲ್ಲ. ಇಳಿಜಾರಿಗೆ ಅಡ್ಡ ಸಣ್ಣ ಟ್ರೆಂಚ್, ಅಲ್ಲಲ್ಲಿ ಇಂಗು ಗುಂಡಿ ತಗಸಿದ್ರ ನೀರೂ ನಿಲ್ತೈತಿ.

ತಗೀಬೇಕಾದ ಕಸ ಎರಡು. ಲಂಟಾನ ಒಂದು, ಅದನ್ನ ಮ್ಯಾಲೆ ಸವರಿದ್ರ ಇನ್ನೂ ದಟ್ಟಾಗಿ ಚಿಗೀತೈತಿ, ಗುದ್ಲಿಲೆ ನೆಲದ ಕೆಳಗ ಮೂರ್ನಾಲ್ಕ ಇಂಚು ಹೋಗಿ ಬೇರಿನ ಗಡ್ಡಿ ಕಡದು ತಲಿಕೆಳಗ ಮಾಡಿ ಒಗೀಬೇಕು. ಇನ್ನೊಂದು ಯುಪಟೋರಿಯಂ, ಇದನ್ನ ಹೂ ಬಿಡೋಕ ಮೊದಲ, ಸೀಗಿ ಹುಣ್ಣಿಮಿ ಸುಮಾರು ನೆಲ ಇನ್ನೂ ಹಸಿ ಇರೋವಾಗ ಕಿತ್ರ ಬೇರ್ ಸಮೇತ ಬರ್ತೈತಿ. ಎಲ್ಲಾ ಒಂದ ವರ್ಷದಾಗ ತೆಗಿಯೋ ಹಟ ಬ್ಯಾಡ.

ಹಂತ 6: ಬೆಂಕಿ

ನೀವು ಹಚ್ಚಲಿಲ್ಲಂದ್ರೂ ಬಾಜೂ ಹೊಲದವರು ಬದುವಿಗೆ ಹಚ್ಚಿದ್ದು ಬರ್ತೈತಿ. ಜನವರಿ ಮುಗಿಯೋದರಾಗ ತೋಟದ ಸುತ್ತ ಹತ್ತು ಹದಿನೈದು ಅಡಿ ಅಗಲ ಹುಲ್ಲು ಕೆತ್ತಿ ಎಲಿ ಗುಡಿಸಿ ಬೆಂಕಿ ರೇಖೆ ಮಾಡ್ರಿ, ಎಲಿ ಬೀಳ್ತಾನ ಇರ್ತಾವ, ಅದಕ್ಕ ಏಪ್ರಿಲ್ ತನಕ ಆಗಾಗ ಗುಡಿಸಬೇಕು. ತೋಟ ದೊಡ್ಡದಿದ್ರ ನಡುವೊಂದು ಅಡ್ಡ ರೇಖೆ. ಬಾಜೂ ಹೊಲದವರ ಜೋಡಿ ಮೊದಲ ಮಾತಾಡ್ಕೊಂಡು, ಅವರು ಯಾವತ್ತು ಸುಡ್ತಾರ ಅಂತ ಕೇಳಿ ಅವತ್ತು ನೀವೂ ಅಲ್ಲಿರ್ರಿ. ಅರಣ್ಯ ಇಲಾಖೆ ಸಹಾಯವಾಣಿ 1926, ಫೋನಿನ್ಯಾಗ ಸೇವ್ ಮಾಡಿ ಇಟ್ಕೊರಿ, ಬೀಟ್ ಗಾರ್ಡ್ ನಂಬರ್ ಅದಕ್ಕಿಂತ ಲಗೂ ಕೆಲಸಕ್ಕ ಬರ್ತೈತಿ.

ದನದ ವಿಚಾರಕ್ಕ ಮಂದಿ ಜಗಳ ಆಡ್ತಾರ. ನನ್ನ ಪ್ರಕಾರ ದೊಡ್ಡ ಗಿಡ ಇರೋ ಕಡೆ ಮಳಿಗಾಲ ಮುಗದ ಮ್ಯಾಲೆ ದನ ಬಿಟ್ರ ಹುಲ್ಲು ಕಡಿಮಿ ಆಗಿ ಬೆಂಕಿಗೆ ಮೇವು ಸಿಗೂದಿಲ್ಲ, ಸಸಿ ಎದ್ದ ಕಡೆ ಮಾತ್ರ ಬ್ಯಾಡ. ಆಡು ಎಲ್ಲೂ ಬ್ಯಾಡ.

ಹುಳ, ಬಂದಳಿಕೆ

ಲಗೂ ಹೇಳ್ತೀನಿ. ಮುಂಗಾರು ಹಿಡದ ಮ್ಯಾಲೆ ಎಳೆ ಎಲಿ ಪೂರಾ ತಿಂದು ಗಿಡ ಬೋಳು ಮಾಡೋದು ಒಂದು ಹುಳ, ಮಳಿ ಕಡಿಮಿ ಆಗೋ ಹೊತ್ತಿಗೆ ಬಲತ ಎಲಿಯಾಗ ನರ ಅಷ್ಟ ಉಳಸೋದು ಇನ್ನೊಂದು. ನೋಡಾಕ ಎದಿ ಒಡೀತೈತಿ, ಆದ್ರ ಗಿಡ ಸಾಯೂದಿಲ್ಲ, ಮತ್ತ ಚಿಗೀತೈತಿ, ಆ ವರ್ಷದ ಬೆಳವಣಿಗಿ ಅಷ್ಟ ಹೋತು. ಔಷಧ ಅಂಗಡಿಯವ ಹೇಳಿದ್ದು ತಂದು ಅರವತ್ತಡಿ ಎತ್ತರಕ್ಕ ಹೊಡಿಯೋ ಸಾಹಸ ಬ್ಯಾಡ, ಹಕ್ಕಿ ತಮ್ಮ ಕೆಲಸ ಮಾಡ್ತಾವ. ಅದಕ್ಕ ಒಣಗಿ ನಿಂತ ಒಂದೆರಡು ಹಳೇ ಗಿಡ, ಪೊಟರಿ ಇರೋ ಗಿಡ ಬಿಡ್ರಿ, ಮರಕುಟಿಗ ಗೂಡ ಮಾಡ್ತೈತಿ. ಬಂದಳಿಕೆ ಮಾತ್ರ ಬಿಡಬ್ಯಾಡ್ರಿ, ಸಾಗವಾನಿ ಎಲಿ ಉದುರಿದಾಗ ಅದೊಂದ ಹಸರಾಗಿ ಕಾಣ್ತೈತಿ, ಹಣ್ಣು ಆಗೋಕ ಮೊದಲ ಆ ಕೊಂಬಿ ಅದರ ಕೆಳಗಿಂದ ತಗಸ್ರಿ.

ಹಂತ 7: ಖಾಲಿ ಜಾಗಕ್ಕ ಏನ್ ಹಚ್ಚೋದು

ಮತ್ತ ಸಾಗವಾನಿನ ಹಚ್ಚಬ್ಯಾಡ್ರಿ, ದೊಡ್ಡ ಗಿಡದ ನೆರಳಾಗ ಅದು ಏಳೂದಿಲ್ಲ. ಮೊದಲ ಮೂರಡಿ ಗುಂಡಿ ತಗದು ಮಣ್ಣು ನೋಡ್ರಿ. ಕಲಘಟಗಿ, ಹಾನಗಲ್ಲ ಕಡೆ ಕೆಂಪು ಮಸಾರಿಯಾಗ ಮತ್ತಿ, ಹೊನ್ನಿ, ನಂದಿ, ಬೀಟಿ, ನೇರಳಿ, ಬಿದಿರು ಬರ್ತಾವ. ಕೆಳಗ ಗರಸು ಹತ್ತಿದ್ರ ಬೇವು, ಹೊಂಗಿ. ನವಲಗುಂದ, ನರಗುಂದ, ರೋಣದ ಎರಿ ಭೂಮ್ಯಾಗ ಸಾಗವಾನಿ ಹಚ್ಚಿ ಕೆಟ್ಟವರು ಭಾಳ ಮಂದಿ, ನೀರ್ ನಿಂತ್ರ ಅದಕ್ಕ ಆಗಿಬರೂದಿಲ್ಲ, ಅಲ್ಲಿ ಬದುವಿನ ಮ್ಯಾಲೆ ಕರಿಜಾಲಿ, ಬೇವು ಹೊಂದಿಕೊಂಡಷ್ಟು ಬ್ಯಾರೆ ಯಾವುದೂ ಇಲ್ಲ. ಮುಂಡರಗಿ, ಶಿರಹಟ್ಟಿ ಕಡೆ, ಕಪ್ಪತಗುಡ್ಡದ ಸುತ್ತ ಮಳಿ ಕಡಿಮಿ ಇರೋ ಕಲ್ಲು ನೆಲಕ್ಕ ಹುಣಸಿ, ಬಾರಿ, ಬೇವು, ಶ್ರೀಗಂಧ.

ಶ್ರೀಗಂಧಕ್ಕ ಒಂದ ಮಾತು. 2001ರ ತಿದ್ದುಪಡಿ ಆದ ಮ್ಯಾಲೆ ಗಿಡದ ಮಾಲಕತ್ವ ಜಮೀನಿನವರದ, ಆದ್ರ ಅದು ಬ್ಯಾರೆ ಗಿಡದ ಬೇರಿಗೆ ತನ್ನ ಬೇರು ಹಚ್ಚಿ ಬದುಕೋ ಗಿಡ, ಸಣ್ಣದಿದ್ದಾಗ ಬಾಜೂಕ ತೊಗರಿ, ಮುಂದ ಹೊಂಗಿ ಗಾಳಿ ಇಂಥಾವು ಬೇಕ ಬೇಕು. ಮತ್ತ ಕಾಯೋಕ ಮನಶ್ಯಾ ಇಲ್ಲಂದ್ರ ಹಚ್ಚಬ್ಯಾಡ್ರಿ, ದೊಡ್ಡದಾದ ವರ್ಷಾನ ರಾತ್ರೋರಾತ್ರಿ ಹೊಕ್ಕೈತಿ.

ಸಸಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಐತಿ, 2011-12ರಿಂದ ಇರೋದು. ಅರಣ್ಯ ಇಲಾಖೆ ರೇಂಜ್ ಆಫೀಸಿನ್ಯಾಗ ಉತಾರ, ಆಧಾರ್, ಪಾಸ್‌ಬುಕ್ ಕೊಟ್ಟು ಹೆಸರು ಬರಸಿದ್ರ ನರ್ಸರಿಯಿಂದ ರಿಯಾಯಿತಿ ದರಕ್ಕ ಸಸಿ ಸಿಗ್ತಾವ, ಬದುಕಿದ ಒಂದೊಂದು ಸಸಿಗೆ ಮೊದಲನೇ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಪ್ರೋತ್ಸಾಹಧನ. ನೀಲಗಿರಿ, ಸಿಲ್ವರ್ ಇಂಥಾವಕ್ಕ ಇಲ್ಲ. ಬ್ಯಾಸಗಿಯೊಳಗ ಒಂದೂವರಿ ಅಡಿ ಗುಂಡಿ ತಗದು ಬಿಸಿಲಿಗೆ ಬಿಟ್ಟು, ಮೃಗಶಿರಾ ಮಳಿ ಒಂದೆರಡು ಛಲೋ ಆದ ಮ್ಯಾಲೆ ಹಚ್ರಿ.

ಯಾರ ಕಡೆ ಕಲಿಯೋದು

ಪುಸ್ತಕಕ್ಕಿಂತ ಮಂದಿ ಮುಖ್ಯ. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಕೃಷಿ ಅರಣ್ಯದ ಮ್ಯಾಲೆ ಸಂಶೋಧನೆ ಮಾಡೋ ವಿಭಾಗ ಐತಿ, ಕೃಷಿ ಮೇಳದಾಗ ಬೀಜ ಟ್ರ್ಯಾಕ್ಟರ್ ನೋಡಿ ಬರೋದು ಬಿಟ್ಟು ಆ ಸ್ಟಾಲಿಗೆ ಹೋಗಿ ವಿಜ್ಞಾನಿಗಳ ಹೆಸರು ತಿಳ್ಕೊಂಡು, ಮೇಳದ ಗದ್ದಲ ಮುಗದ ಮ್ಯಾಲೆ ಸಾವಕಾಶ ಭೆಟ್ಟಿ ಆಗ್ರಿ. ಅದ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಾಗ ಐತಿ. ಗದಗ ಕಡೆಯವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ, ಧಾರವಾಡದವರಿಗೆ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರ. ಶ್ರೀಗಂಧ ಹಚ್ಚೋರು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತರಬೇತಿ ವಿಚಾರಸ್ರಿ.

ಹೋಗೋವಾಗ ನೋಟ್‌ಬುಕ್ ಒಯ್ರಿ. "ನಮ್ಮ ಸಾಗವಾನಿ ಬೆಳೀವಲ್ವು, ಏನ್ ಮಾಡ್ಬೇಕ್ರಿ" ಅಂದ್ರ ಅವರೂ ಏನೋ ಒಂದ್ ಹೇಳಿ ಕಳಸ್ತಾರ. "ಸರ್, ಗುಂಟೆಕ್ಕ 16 ಗಿಡ ಅದಾವ, ಸರಾಸರಿ ಸುತ್ತಳತಿ 24 ಇಂಚು, ಇಪ್ಪತ್ತೈದು ವರ್ಷ ಆತು, ಮಣ್ಣು ಎರಡಡಿಗೆ ಗರಸು" ಅಂತ ಹೇಳಿ ನೋಡ್ರಿ, ಖುರ್ಚಿ ಎಳದು ಕುಂದ್ರಸ್ತಾರ.

ಊರಿನ ಗೌಳಿಗರ ಜೋಡಿ, ಹಳೇ ಬಡಿಗ್ಯಾರ ಜೋಡಿ ಒಂದೊಂದ್ ಸಲ ತೋಟ ತಿರಗ್ರಿ. ಗೌಳಿಗ ಹುಲ್ಲು, ಬಳ್ಳಿ, ನೀರಿನ ಜಾಗ ತೋರಸ್ತಾನ, ಬಡಿಗ್ಯಾ ನಿಂತ ಗಿಡಕ್ಕ ಕೊಡ್ಲಿ ಹಿಂಬದಿಲೆ ಬಡದು ಸಪ್ಪಳದ ಮ್ಯಾಲೆ ಒಳಗ ಪೊಳ್ಳು ಐತೋ ಇಲ್ಲೋ ಹೇಳ್ತಾನ. ಇನ್ನ ಕಲಘಟಗಿ ದಾಟಿ ಯಲ್ಲಾಪುರ ರಸ್ತೆದಾಗ ಕಿರವತ್ತಿ ಐತಲ್ಲ, ಅಲ್ಲಿ ಅರಣ್ಯ ಇಲಾಖೆ ಕಟ್ಟಿಗಿ ಡಿಪೋ ನೋಡ್ರಿ. ಹರಾಜಿಗೆ ಇಟ್ಟ ತುಂಡು ಹೆಂಗ ವಿಂಗಡಿಸಿರ್ತಾರ, ಗಂಟಿದ್ದಿದ್ದು, ಸೊಟ್ಟ ಇದ್ದಿದ್ದು, ನೆಟ್ಟಗ ದಪ್ಪ ಇದ್ದಿದ್ದು ಬ್ಯಾರೆ ಬ್ಯಾರೆ ಲಾಟ್, ದರಾನೂ ಬ್ಯಾರೆ. ಅದನ್ನ ಕಂಡ ಮ್ಯಾಲೆ ವಾಪಸ್ ಬಂದು ನಿಮ್ಮ ತೋಟ ನೋಡ್ರಿ, ಬಿಳಿ ಬಣ್ಣ ಹಚ್ಚೋ ಗಿಡ ಬದಲಾಗ್ತಾವ.

ಹಂತ 8: ಕಡಿಯೋದು, ಮಾರೋದು

ಕೆಂಪು ಬಣ್ಣದ ಗಿಡದ ಯಾದಿ, ನಂಬರ್, ಸುತ್ತಳತಿ, ಉತಾರ, ನಕಾಶಿ ಎಲ್ಲಾ ಹಚ್ಚಿ ರೇಂಜ್ ಆಫೀಸಿನ್ಯಾಗ ಅರ್ಜಿ ಕೊಡ್ರಿ, ಸ್ವೀಕೃತಿ ತೊಗೊಳ್ಳೋದು ಮರೀಬ್ಯಾಡ್ರಿ. ಮಳಿಗಾಲ ಮುಗಿಯೋಕ ಮೊದಲ ಕೊಟ್ಟ್ರ ಒಣ ದಿವಸದಾಗ ಕೆಲಸ ಆಗ್ತೈತಿ. ಅವರು ಬಂದು ಗಿಡ ನೋಡಿ ಪರವಾನಗಿ ಕೊಟ್ಟ ಮ್ಯಾಲೆನ ಕೊಡ್ಲಿ. ಗರಗಸ ಮಷೀನ್ ನೀವ ಹಿಡಿಯೋಕ ಹೋಗಬ್ಯಾಡ್ರಿ, ಅನುಭವ ಇದ್ದವರನ್ನ ಕರೀರಿ, ಬಿಳಿ ಗಿಡದ ಮ್ಯಾಲೆ ಬೀಳದ ಹಂಗ ಯಾವ ಕಡೆ ಕೆಡವೋದು ಅಂತ ಒಂದೊಂದು ಗಿಡಕ್ಕೂ ನಿಂತು ಮಾತಾಡ್ರಿ, ಗಾಳಿ ಇದ್ದ ದಿನ ಕೆಲಸ ಬಂದ್.

ಮಾರೋವಾಗ "ಗಿಡಕ್ಕ ಇಷ್ಟು" ಅನ್ನೋ ಲೆಕ್ಕಕ್ಕ ಒಪ್ಪಬ್ಯಾಡ್ರಿ, ಘನ ಅಡಿ ಲೆಕ್ಕಕ್ಕ ಬರ್ರಿ. ತುಂಡಿನ ನಡುವಿನ ಸುತ್ತಳತಿ ಇಂಚಿನಾಗ ತೊಗೊಂಡು ನಾಲ್ಕರಿಂದ ಭಾಗಿಸ್ರಿ, ಬಂದದ್ದನ್ನ ಅದರಿಂದನ ಗುಣಿಸ್ರಿ, 144ರಿಂದ ಭಾಗಿಸ್ರಿ, ಉದ್ದದ ಅಡಿಯಿಂದ ಗುಣಿಸ್ರಿ. 36 ಇಂಚು ಸುತ್ತಳತಿ, 10 ಅಡಿ ಉದ್ದದ ತುಂಡು ಅಂದ್ರ 9 ಇಂಟು 9, 81, ಅದನ್ನ 144ರಿಂದ ಭಾಗಿಸಿ 10ರಿಂದ ಗುಣಿಸಿದ್ರ ಐದೂವರಿ ಘನ ಅಡಿ ಮ್ಯಾಲೆ ಸ್ವಲ್ಪ. ಖರೇ ಗಾತ್ರ ಏಳು ಘನ ಅಡಿ ಮ್ಯಾಲೆ ಇರ್ತೈತಿ, ಕೊಯ್ಯೋವಾಗ ಹೋಗೋ ವೇಸ್ಟನ್ನ ಈ ಸೂತ್ರ ಮೊದಲ ಮುರಕೊಂಡಿರ್ತೈತಿ, ಅದಕ್ಕ ವ್ಯಾಪಾರಿ ಇದರ ಮ್ಯಾಲೆ ಮತ್ತ ವೇಸ್ಟ್ ಅಂತ ಪರ್ಸೆಂಟ್ ಮುರಿಯೋಕ ಬಂದ್ರ ಆಗೂದಿಲ್ಲ ಅನ್ರಿ.

ತುಂಡಿಗೆ ಇಲಾಖೆ ಸುತ್ತಿಗಿ ಗುರುತು ಬಿದ್ದು ರಹದಾರಿ (ಕಟ್ಟಿಗಿ ಸಾಗಸೋ ಪರವಾನಗಿ) ಕೈಗೆ ಬರೋ ತನಕ ಲಾರಿ ಲೋಡ್ ಮಾಡಿಸಬ್ಯಾಡ್ರಿ, ವ್ಯಾಪಾರಿ ಎಷ್ಟ ಅವಸರ ಮಾಡಿದ್ರೂ. ರಹದಾರಿಯಾಗಿನ ತುಂಡಿನ ಸಂಖ್ಯೆ, ಲಾರಿ ನಂಬರ್, ಮುದತು ಲೋಡ್ ಆದ ಮ್ಯಾಲೆ ಒಮ್ಮೆ ತಾಳಿ ಹಚ್ಚಿ ನೋಡ್ರಿ, ಒರಿಜಿನಲ್ ಡ್ರೈವರ್ ಕಡೆ ಕೊಟ್ಟು ಒಂದ್ ಝೆರಾಕ್ಸ್ ನೋಟ್‌ಬುಕ್ಕಿಗೆ ಪಿನ್ ಹೊಡದಿಡ್ರಿ.